ಐವತ್ತಾರನೆಯ ದಿನ

ಕೊನ್ಸೆಪ್ಸಿಯೋನಿನಲ್ಲಿ ಬೆಳಗಿನ ಏಳಕ್ಕೆ
ಬಿಯೊಬಿಯೊ ನದಿಯಿಂದ ಮಂಜು ಎದ್ದು ಬಂದು
ಪ್ರಯೋಗಾಲಯದ ಕಿಟಕಿಗೆ ಹಣೆ ಹಚ್ಚಿ ನಿಲ್ಲುತ್ತದೆ.
ಒಳಗೆ ಬೆಲಾರ್ಮಿನೊ ನೀರಿನ ತೊಟ್ಟಿಯಿಂದ
ಸಿಲಿಂಡರುಗಳನ್ನು ಒಂದೊಂದೇ ಎತ್ತುತ್ತಾನೆ
ಎಳೆಗೂಸನ್ನು ಮೀಯಿಸಿ ಎತ್ತಿದ ಹಾಗೆ, ಕತ್ತಿನಡಿ ಕೈಯಿಟ್ಟು.
ಬೆನ್ನಿಗೆ ಸೀಮೆಸುಣ್ಣದ ನಂಬರು. ವಯಸ್ಸು ಐವತ್ತಾರು ದಿನ.
ಬರೆದುಕೊಳ್ಳುವುದು ನನ್ನ ಕೆಲಸ.

ಇದು ಸಾದಾ ಕಾಂಕ್ರೀಟಲ್ಲ ಮರಿ, ಅನ್ನುತ್ತಾನೆ,
ಹೊಗೆಯಂಥ ಪುಡಿ ಉಣಿಸಿ, ನೀರು ಅಳೆದಳೆದು ಕುಡಿಸಿ
ಬೆಳೆಸಿದ್ದು. ಕೊಬ್ಬು ಜಾಸ್ತಿ.
ಸಾದಾದ್ದು ಸಾಯುವ ಮುಂಚೆ ಹೇಳುತ್ತದೆ:
ಮೊದಲು ಕೂದಲೆಳೆ ಬಿರುಕು, ಆಮೇಲೆ ನರಳಾಟ,
ಚಕ್ಕೆ ಉದುರಿಸಿ, ಹೊಟ್ಟೆ ಉಬ್ಬಿಸಿ,
ಮೆಟ್ಟಿಲಿಳಿದು ಓಡುವಷ್ಟು ಪುರಸೊತ್ತು ಕೊಡುತ್ತದೆ.

ಇದು ಹೇಳುವುದಿಲ್ಲ.

ಯಂತ್ರದ ದವಡೆ ಮುಚ್ಚುತ್ತದೆ. ಮುಳ್ಳು ಏರುತ್ತದೆ,
ಅರವತ್ತು, ಎಪ್ಪತ್ತು, ಎಂಬತ್ತು,
ತರಗತಿಯಲ್ಲಿ ಎಂದೂ ಕೈಯೆತ್ತದ ಜಾಣ ಹುಡುಗನ ಹಾಗೆ
ನೆಟ್ಟಗೆ, ಗೆರೆ ಕೊರೆದ ಹಾಗೆ,
ತೊಂಬತ್ತು, ತೊಂಬತ್ತಮೂರು,
ಢಮ್ಮೆಂದಾಗ ನಾನು ಪೆನ್ನು ಬೀಳಿಸಿದ್ದೆ.

ಜಾಲರಿಯ ತುಂಬ ಚೂರು. ಬೆಲಾರ್ಮಿನೊ ಒಂದನ್ನು ಆರಿಸಿ
ಬೆಳಕಿಗೆ ಹಿಡಿದ: ನೋಡು,
ಬಿರುಕು ಜಲ್ಲಿಯನ್ನು ಬಳಸಿ ಹೋಗಿಲ್ಲ,
ಜಲ್ಲಿಯನ್ನೇ ಸೀಳಿಕೊಂಡು ಹೋಗಿದೆ.
ದಾರಿ ಬಿಡಲಾರದ್ದು ತಾನೇ ದಾರಿಯಾಗುತ್ತದೆ.
ಆ ಚೂರನ್ನು ಅವನು ಜೇಬಿಗೆ ಹಾಕಿಕೊಂಡ. ಯಾಕೆಂದು ಕೇಳಲಿಲ್ಲ.
ಆ ಫೆಬ್ರವರಿ ರಾತ್ರಿ ಮೂರೂವರೆಗೆ ಅವನು ಎಲ್ಲಿದ್ದನೆಂದು
ಇಲ್ಲಿ ಯಾರೂ ಕೇಳುವುದಿಲ್ಲ.

ಮಹಡಿಯ ಮೇಲೆ ಒತೀಲಿಯ ಕಿಲೊದ್ರಾನ್
ಇಪ್ಪತ್ತೆಂಟು ಅಂತಸ್ತಿನ ಕಟ್ಟಡದ ಒಂದೇ ಕಂಬವನ್ನು
ರಾತ್ರಿಯಿಡೀ ಕಂಪ್ಯೂಟರಿನಲ್ಲಿ ಹತ್ತು ಲಕ್ಷ ಸಲ ಕಟ್ಟಿದ್ದಾಳೆ,
ಹತ್ತು ಲಕ್ಷ ಸಲ ಅಲ್ಲಾಡಿಸಿದ್ದಾಳೆ.
ಪ್ರತಿ ಸಲವೂ ಸಿಮೆಂಟು ಕೊಂಚ ಬೇರೆ, ನೆಲ ಕೊಂಚ ಬೇರೆ,
ರಿಂಗು ಕಟ್ಟಿದವನ ಸೋಮವಾರ ಕೊಂಚ ಬೇರೆ.
ಬೆಳಗಾಗುವಾಗ ಮುನ್ನೂರ ಹನ್ನೆರಡು ಕುಸಿದಿದ್ದವು.
ಉಳಿದವು ನಿಂತೇ ಇದ್ದವು, ಯಾರಿಗೂ ಕಾಣದ ಊರಿನಲ್ಲಿ.

ಹತ್ತಕ್ಕೆ ಕಂಪನಿಯ ಡಾನ್ ಗುಮರ್ಸಿಂದೊ ಫೋನು ಮಾಡಿದರು.
ತಡೆಯುತ್ತೋ ಇಲ್ಲವೋ, ಒಂದೇ ಮಾತು ಹೇಳಿ.
ಮೂರು ಬಿಂದು ನಾಲ್ಕು ಎರಡು, ಅಂದಳು.
ಹಾಗಂದರೆ?
ಅವಳು ಕಿಟಕಿಯಾಚೆ ನೋಡಿದಳು. ಮಂಜು ಕರಗುತ್ತಿತ್ತು.
ಹಾಗಂದರೆ, ನಮ್ಮಕ್ಕ ಅಲ್ಲಿ ಮನೆ ಕೊಳ್ಳುತ್ತೇನೆಂದರೆ
ಸಾಲದು ಅನ್ನುತ್ತೇನೆ.
ತೊಂಬತ್ತು ಸಾಲದೇ? ನೂರಹತ್ತು ಹಾಕೋಣವೇ?
ಬೇಡ. ಇನ್ನೂ ಗಟ್ಟಿ ಮಾಡಿದರೆ ಇನ್ನೂ ಮೂಕವಾಗುತ್ತದೆ.
ರಿಂಗುಗಳನ್ನು ಹತ್ತಿರ ಮಾಡಿ,
ಹದಿನೈದಲ್ಲ, ಎಂಟು ಸೆಂಟಿಮೀಟರಿಗೊಂದು.
ಕೊಕ್ಕೆಯ ತುದಿ ಕಂಬದ ಹೊಟ್ಟೆಯೊಳಕ್ಕೆ ಬಗ್ಗಲಿ.
ಹೊರಗಿನ ಚಕ್ಕೆ ಹಾರಿದ ಮೇಲೂ
ಒಳಗಿನದನ್ನು ಯಾರಾದರೂ ತಬ್ಬಿಕೊಂಡಿರಬೇಕು.

ಆ ಕಡೆ ಸದ್ದಿಲ್ಲ. ಉಕ್ಕಿನ ಬೆಲೆ ಲೆಕ್ಕ ಹಾಕುತ್ತಿದ್ದಿರಬೇಕು.

ಸಂಜೆ ಚಹಾದ ಹೊತ್ತಿಗೆ, ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರುವಾಗ
ನೆಲ ಒಮ್ಮೆ ಹೆಗಲು ಕೊಡವಿತು.
ಯಾರೂ ಏಳಲಿಲ್ಲ. ಇಂಥದ್ದಕ್ಕೆಲ್ಲ ಏಳುವ ಊರಲ್ಲ ಇದು.
ಎಲ್ಲರೂ ಲೋಟದೊಳಗಿನ ಚಹಾ ನೋಡುತ್ತ
ಮನಸ್ಸಿನಲ್ಲೇ ಎಣಿಸಿದೆವು. ಏಳಕ್ಕೆ ನಿಂತಿತು.
ಚಾಕು ಮತ್ತೆ ಬ್ರೆಡ್ಡಿನ ಮೇಲೆ ಹರಿಯಿತು.
ಬೆಲಾರ್ಮಿನೊನ ಕೈ ಮಾತ್ರ ಜೇಬಿನಲ್ಲಿತ್ತು.

ವರದಿಯ ಫಾರಮ್ಮಿನಲ್ಲಿ ಎರಡೇ ಚೌಕ: ಸುರಕ್ಷಿತ, ಅಸುರಕ್ಷಿತ.
ಒತೀಲಿಯ ಎರಡನ್ನೂ ಖಾಲಿ ಬಿಟ್ಟು
ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಳು: ೩.೪೨.
ಕೆಳಗೆ: ರಿಂಗು, ಎಂಟು ಸೆಂ.ಮೀ.
ಅದರ ಕೆಳಗೆ ಸಹಿ, ಪೂರ್ತಿ ಹೆಸರು, ತಾಯಿಯ ಕಡೆಯದ್ದೂ ಸೇರಿಸಿ.
ನನಗೆ ಕೊಟ್ಟು, ಇದನ್ನು ಫೈಲಿಗೆ ಹಾಕು ಅಂದಳು,
ನಾಳೆ ಇನ್ನೂ ಆರಿವೆ.